ಬಿರುಗಾಳಿಯ ನಂತರ: ಬಿದ್ದ ಮರಗಳ ತೆರವು ಹೇಗೆ, ನಿಂತ ಮರಗಳ ಗತಿಯೇನು?

ಪ್ರಶ್ನೆ
ಬರೆದವರು: ಅಡ್ಡರಸ್ತೆ ನಿವಾಸಿ

ನಮ್ಮದು ದಕ್ಷಿಣ ಬೆಂಗಳೂರಿನಲ್ಲಿ ಎಂಬತ್ತರ ದಶಕದಲ್ಲಿ ಬೆಳೆದ ಬಡಾವಣೆಯ ಒಂದು ಅಡ್ಡರಸ್ತೆ. ಕಳೆದ ವಾರ ಭರಣಿ ಮಳೆಯೊಂದಿಗೆ ಬಂದ ಬಿರುಗಾಳಿ ಅರ್ಧ ಗಂಟೆಯೂ ಬೀಸಲಿಲ್ಲ. ಅಷ್ಟರಲ್ಲೇ ಎರಡು ಗುಲ್ಮೊಹರ್ ಮರಗಳು ಬುಡಸಮೇತ ಕಿತ್ತು ಒಂದು ಕಾರಿನ ಮೇಲೂ ಪಕ್ಕದ ಕಾಂಪೌಂಡಿನ ಮೇಲೂ ಉರುಳಿದವು. ಹಳದಿ ಹೂವಿನ ಕಾಪರ್‌ಪಾಡ್ ಮರವೊಂದು ನಡುವೆಯೇ ಸೀಳಿ ಅದರ ಅರ್ಧ ಭಾಗ ವಿದ್ಯುತ್ ತಂತಿಗಳ ಮೇಲೆ ಒರಗಿತು. ರಸ್ತೆಯ ಕೊನೆಯಲ್ಲಿರುವ ಶೀಟ್ ಮನೆಗಳಲ್ಲಿ ಹಲವಕ್ಕೆ ಚಾವಣಿಯೇ ಇಲ್ಲದಂತಾಯಿತು. ಪಾಲಿಕೆಯ ಅರಣ್ಯ ಘಟಕದವರು ಮರುದಿನ ಬಂದು ವಾಹನ ಹೋಗುವಷ್ಟು ದಾರಿ ಬಿಡಿಸಿದರು. ಊರ ತುಂಬ ಅಂಥದೇ ಕರೆಗಳಿದ್ದುದರಿಂದ ದಿಮ್ಮಿಗಳೂ ರೆಂಬೆಗಳೂ ಸದ್ಯಕ್ಕೆ ಪಾದಚಾರಿ ಮಾರ್ಗದ ಮೇಲೆ ರಾಶಿಯಾಗಿ ಬಿದ್ದಿವೆ. ವಯಸ್ಸಾದವರು ರಸ್ತೆಯ ಮಧ್ಯೆ ನಡೆಯಬೇಕಾಗಿದೆ.

ಉಳಿದ ಕೆಲಸವನ್ನು ನಿವಾಸಿಗಳೇ ಭಾನುವಾರ ಸೇರಿ ಮಾಡೋಣವೆಂದು ನಿರ್ಧರಿಸಿದ್ದೇವೆ. ಯಾವುದಕ್ಕೆ ನಾವು ಕೈ ಹಾಕಬಹುದು, ಯಾವುದನ್ನು ಮುಟ್ಟಲೇಬಾರದು ಎಂಬುದನ್ನು ತಿಳಿದವರು ಹೇಳಬೇಕು. ಎರಡು ವರ್ಷದ ಹಿಂದೆ ನೆಟ್ಟ ಹೊಂಗೆಯ ಸಸಿಯೊಂದು ಅರ್ಧ ಬೇರು ಹೊರಗೆ ಬಂದು ಮಲಗಿದೆ. ಅದನ್ನು ಎತ್ತಿ ನಿಲ್ಲಿಸಿದರೆ ಬದುಕೀತೇ? ಇವೆಲ್ಲಕ್ಕಿಂತ ಕಠಿಣವಾದ ಪ್ರಶ್ನೆ ಬೇರೆಯಿದೆ. ಗಾಳಿಗೆ ಹೆದರಿದ ಕೆಲವರು, ಮೂಲೆಯಲ್ಲಿರುವ ಹಳೆಯ ಮಳೆಮರವೂ ಸೇರಿದಂತೆ ರಸ್ತೆಯ ಎಲ್ಲ ದೊಡ್ಡ ಮರಗಳನ್ನು ತೆಗೆಸಬೇಕೆಂದು ಸಹಿ ಸಂಗ್ರಹಿಸುತ್ತಿದ್ದಾರೆ. ಅವರ ಭಯವನ್ನು ಹಗುರವಾಗಿ ಕಾಣಲು ನನಗೆ ಮನಸ್ಸಿಲ್ಲ, ಸಹಿ ಹಾಕಲೂ ಕೈ ಬರುತ್ತಿಲ್ಲ. ಏನನ್ನು ನೋಡಿ ತೀರ್ಮಾನಿಸಬೇಕು?

ಉತ್ತರ 1
ಬರೆದವರು: ನಿವೃತ್ತ ವಿದ್ಯುತ್ ಎಂಜಿನಿಯರ್

ಮರದ ವಿಚಾರವನ್ನು ಬಲ್ಲವರಿಗೆ ಬಿಟ್ಟು ತಂತಿಯ ವಿಚಾರವನ್ನಷ್ಟೇ ಹೇಳುತ್ತೇನೆ, ಏಕೆಂದರೆ ಬಿರುಗಾಳಿ ನಿಂತ ಮೇಲೆ ಆಗುವ ಸಾವುಗಳಿಗೆ ಇದೊಂದು ಮುಖ್ಯ ಕಾರಣ. ತಂತಿಯ ಮೇಲೆ ಒರಗಿರುವ ಕಾಪರ್‌ಪಾಡ್ ಮರವನ್ನು ನೀವು ಯಾರೂ ಮುಟ್ಟಬಾರದು. ಬೆಸ್ಕಾಂನ ಸಹಾಯವಾಣಿ 1912ಕ್ಕೆ ಕರೆ ಮಾಡಿ ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ; ಕಂಬದ ಮೇಲೆ ಬರೆದಿರುವ ಸಂಖ್ಯೆಯನ್ನೋ ಹತ್ತಿರದ ಟ್ರಾನ್ಸ್‌ಫಾರ್ಮರ್‌ನ ಗುರುತನ್ನೋ ಹೇಳಿದರೆ, 'ದೇವಸ್ಥಾನದ ಎದುರು' ಎನ್ನುವುದಕ್ಕಿಂತ ಬೇಗ ಸ್ಥಳ ಸಿಗುತ್ತದೆ.

ಮನೆಯಲ್ಲಿ ಕರೆಂಟ್ ಇಲ್ಲವೆಂಬ ಕಾರಣಕ್ಕೆ ಬೀದಿಯ ತಂತಿಯೂ ಸತ್ತಿದೆ ಎಂದು ತಿಳಿಯಬೇಡಿ. ದೋಷ ಎಲ್ಲಿದೆ ಎಂದು ಹುಡುಕುವಾಗ ಸಿಬ್ಬಂದಿ ಫೀಡರ್‌ಗೆ, ಎಂದರೆ ಬಡಾವಣೆಗೆ ಕರೆಂಟ್ ತರುವ ಮುಖ್ಯ ತಂತಿಗೆ, ಪರೀಕ್ಷಾರ್ಥವಾಗಿ ವಿದ್ಯುತ್ ಹರಿಸಿ ನೋಡುವುದುಂಟು, ಹಾಗಾಗಿ ಹತ್ತು ನಿಮಿಷದ ಹಿಂದೆ ನಿರ್ಜೀವವಾಗಿದ್ದ ತಂತಿ ಈಗ ಜೀವಂತವಾಗಿರಬಹುದು. ತುಂಡಾದ ತಂತಿ ಒದ್ದೆ ನೆಲಕ್ಕೆ ತಾಗಿದ್ದರೆ ಅದರ ಸುತ್ತಲಿನ ನೆಲದಲ್ಲೂ ವಿದ್ಯುತ್ ಹರಡಿರುತ್ತದೆ. ತಂತಿಗೆ ಹತ್ತಿರವಿರುವ ಪಾದಕ್ಕೂ ದೂರವಿರುವ ಪಾದಕ್ಕೂ ನಡುವೆ ವೋಲ್ಟೇಜಿನ ವ್ಯತ್ಯಾಸ ಉಂಟಾಗಿ, ತಂತಿಯನ್ನು ಮುಟ್ಟದಿದ್ದರೂ ಆಘಾತ ತಗಲುತ್ತದೆ. ಕನಿಷ್ಠ ಹತ್ತು ಮೀಟರ್ ದೂರವಿರಿ. ಆ ವಲಯದೊಳಗೆ ಸಿಕ್ಕಿಬಿದ್ದವರು ದೊಡ್ಡ ಹೆಜ್ಜೆ ಹಾಕಿ ಓಡದೆ, ಎರಡೂ ಪಾದಗಳನ್ನು ಒಂದಕ್ಕೊಂದು ತಾಗಿಸಿಕೊಂಡು ನೆಲದಿಂದ ಎತ್ತದೆ ಸರಿಯುತ್ತ ಹೊರಬರಬೇಕು.

ಇನ್ನೊಂದು ಸಂಗತಿಯನ್ನು ಸುಶಿಕ್ಷಿತರೇ ಹೆಚ್ಚಾಗಿ ಮರೆಯುತ್ತಾರೆ. ಕರೆಂಟ್ ಹೋದಾಗ ಸಣ್ಣ ಜನರೇಟರನ್ನು ತಂದು ಮನೆಯ ಪ್ಲಗ್ ಪಾಯಿಂಟಿಗೆ ನೇರವಾಗಿ ಸಿಕ್ಕಿಸುವವರಿದ್ದಾರೆ. ಮನೆಯನ್ನು ಬೀದಿಯ ತಂತಿಯಿಂದ ಬೇರ್ಪಡಿಸುವ ಚೇಂಜ್‌ಓವರ್ ಸ್ವಿಚ್ ಇಲ್ಲದಿದ್ದರೆ ಆ 230 ವೋಲ್ಟ್ ಸರ್ವೀಸ್ ವೈರಿನ ಮೂಲಕ ಹಿಂದಕ್ಕೆ ಹರಿದು, ಬೀದಿಯ ಟ್ರಾನ್ಸ್‌ಫಾರ್ಮರ್‌ನಲ್ಲಿ ತಿರುಗುಮುರುಗಾಗಿ ಏರಿ, 11 ಕೆವಿ (11 ಸಾವಿರ ವೋಲ್ಟ್) ತಂತಿಯನ್ನೇ ಜೀವಂತಗೊಳಿಸಬಲ್ಲದು. ಕಂಬದ ಮೇಲಿರುವ ಲೈನ್‌ಮನ್ ತನ್ನ ಕಡೆಯಿಂದ ಎಲ್ಲವನ್ನೂ ಬಂದ್ ಮಾಡಿಯೇ ಹತ್ತಿರುತ್ತಾನೆ. ಜನರೇಟರ್ ಇರುವ ಮನೆಗಳನ್ನು ಮೊದಲೇ ಗುರುತಿಸಿ, ದುರಸ್ತಿಗೆ ಬಂದವರಿಗೆ ತಿಳಿಸುವುದು ಒಳ್ಳೆಯದು. ಅದನ್ನು ಮನೆಯ ಒಳಗೋ ಮುಚ್ಚಿದ ಗ್ಯಾರೇಜಿನಲ್ಲೋ ಓಡಿಸುವುದಂತೂ ಬೇಡ. ಅದರ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ.

ಉತ್ತರ 2
ಬರೆದವರು: ಹೊಂಗೆನೆರಳು

ತೋಟಗಾರಿಕೆ ಓದಿ ಬಹುಕಾಲ ನಗರದ ಮರಗಳೊಂದಿಗೇ ಕೆಲಸ ಮಾಡಿದವಳಾಗಿ ಉತ್ತರಿಸುತ್ತಿದ್ದೇನೆ. ಸಣ್ಣದನ್ನು ಮೊದಲು ಹೇಳಿಬಿಡುತ್ತೇನೆ: ಹೊಂಗೆಯ ಸಸಿ ಬದುಕುತ್ತದೆ, ಆದರೆ ಭಾನುವಾರದವರೆಗೆ ಕಾಯಬೇಡಿ. ಹೊರಬಂದ ಬೇರುಗಳಿಗೆ ಈಗಲೇ ಒದ್ದೆ ಗೋಣಿಚೀಲ ಹೊದಿಸಿ. ಜಜ್ಜಿಹೋದ ಬೇರಿನ ತುದಿಗಳನ್ನು ಹರಿತವಾದ ಕತ್ತರಿಯಿಂದ ನೇರವಾಗಿ ಕತ್ತರಿಸಿ, ಗುಂಡಿಯನ್ನು ಸ್ವಲ್ಪ ಅಗಲಿಸಿ, ಸಸಿಯನ್ನು ಎತ್ತಿ ನಿಲ್ಲಿಸಿ ಮೊದಲಿದ್ದ ಮಟ್ಟಕ್ಕೇ ಮಣ್ಣು ತುಂಬಿಸಿ ನೀರುಣಿಸಿ. ಎರಡು ಬದಿಗೆ ಗೂಟ ನೆಟ್ಟು, ತಂತಿಯ ಬದಲು ಅಗಲವಾದ ಬಟ್ಟೆಯ ಪಟ್ಟಿಯಿಂದ ಸಡಿಲವಾಗಿ ಕಟ್ಟಿ; ಕಾಂಡ ಕೊಂಚ ಅಲುಗಾಡುತ್ತಿದ್ದರೇ ಬೇರು ಗಟ್ಟಿಯಾಗುವುದು. ವರ್ಷದೊಳಗೆ ಗೂಟ ತೆಗೆಯಲು ಮರೆಯಬೇಡಿ. ಬುಡ ಕಿತ್ತು ಬಿದ್ದ ದೊಡ್ಡ ಗುಲ್ಮೊಹರ್‌ಗಳಿಗೆ ಈ ಉಪಾಯ ಹೊಂದದು. ಕ್ರೇನ್ ತಂದು ನಿಲ್ಲಿಸಿದರೂ ಹರಿದ ಬೇರುಗಳು ಅಷ್ಟು ಭಾರವನ್ನು ಮತ್ತೆ ಹಿಡಿಯುವ ಭರವಸೆ ಇಲ್ಲ.

ಈಗ ನಿಮ್ಮ ದೊಡ್ಡ ಪ್ರಶ್ನೆ. ಬಿದ್ದ ಮರಗಳನ್ನು ಸಾಗಿಸುವ ಮೊದಲು ಅವುಗಳ ಬುಡವನ್ನು ನೋಡಿ, ಫೋಟೊ ತೆಗೆದಿಟ್ಟುಕೊಳ್ಳಿ. ನಿಂತ ಮರಗಳ ಬಗ್ಗೆ ಬಿದ್ದ ಮರಗಳೇ ಬಹಳಷ್ಟು ಹೇಳುತ್ತವೆ. ಬುಡಸಮೇತ ಕಿತ್ತ ಮರ ಬೇರಿನ ಕಥೆಯನ್ನೂ, ನಡುವೆ ಮುರಿದ ಮರ ಕಾಂಡದ ಕಥೆಯನ್ನೂ ಹೇಳುತ್ತದೆ. ಗುಲ್ಮೊಹರ್‌ನ ಬೇರುಗಳು ಮೇಲ್ಮಣ್ಣಿನಲ್ಲೇ ಹರಡುತ್ತವೆ. ಒಂದು ಬದಿಗೆ ನೀರಿನ ಪೈಪಿಗಾಗಿ, ಇನ್ನೊಂದು ಬದಿಗೆ ಕೇಬಲ್ಲಿಗಾಗಿ ಕಾಲುವೆ ತೋಡಿದಾಗ ಆ ಬೇರುಗಳು ಗರಗಸದಲ್ಲಿ ಕೊಯ್ದಂತೆ ಕತ್ತರಿಸಿಹೋಗಿರುತ್ತವೆ. ಅದರ ಮೇಲೆ ಕಾಂಕ್ರೀಟ್ ಸುರಿದು ಕಾಂಡದವರೆಗೆ ಮುಚ್ಚಿದರೆ ಒಳಗಿನ ಗಾಯ ಯಾರಿಗೂ ಕಾಣುವುದಿಲ್ಲ. ತಂತಿಗೆ ತಾಗುತ್ತದೆಂದು ಪ್ರತಿ ವರ್ಷ ಒಂದೇ ಕಡೆಯ ಕೊಂಬೆಗಳನ್ನು ಸವರಿದ್ದರಿಂದ ಮರದ ಭಾರವೆಲ್ಲ ರಸ್ತೆಯ ಕಡೆಗೆ ವಾಲಿರುತ್ತದೆ. ಗಾಳಿಯ ವೇಗ ಎರಡು ಪಟ್ಟಾದರೆ ಅದರ ಒತ್ತಡ ನಾಲ್ಕು ಪಟ್ಟಾಗುತ್ತದೆ ಎಂಬುದನ್ನು ಇದಕ್ಕೆ ಸೇರಿಸಿ ನೋಡಿ: ಗಂಟೆಗೆ 40 ಕಿ.ಮೀ. ವೇಗದ ಗಾಳಿಯನ್ನು ವರ್ಷಗಟ್ಟಲೆ ತಡೆದ ಮರ 80 ಕಿ.ಮೀ. ವೇಗಕ್ಕೆ ಉರುಳಿದ್ದರಲ್ಲಿ ಆಶ್ಚರ್ಯವಿಲ್ಲ. ಕಾಪರ್‌ಪಾಡ್ ಸೀಳಿದ ಜಾಗದಲ್ಲಿ ಎರಡು ಕವಲುಗಳು ಇಕ್ಕಟ್ಟಾದ ಕೋನದಲ್ಲಿ ಸೇರಿ, ನಡುವೆ ತೊಗಟೆ ಸಿಕ್ಕಿಹಾಕಿಕೊಂಡಿತ್ತೇ ಎಂದು ಗಮನಿಸಿ. ಅಂಥ ಸಂಧಿ ಎಂದೂ ಬಲವಾಗಿರುವುದಿಲ್ಲ.

ನಿಂತಿರುವ ಒಂದೊಂದು ಮರದ ಬಳಿಗೂ ಹೋಗಿ ಬುಡದ ಮಣ್ಣು ಹೊಸದಾಗಿ ಬಿರುಕು ಬಿಟ್ಟಿದೆಯೇ, ಗಾಳಿ ಬಂದ ದಿಕ್ಕಿನಲ್ಲಿ ನೆಲ ಉಬ್ಬಿದೆಯೇ, ಮರ ಈ ಗಾಳಿಯಿಂದಲೇ ವಾಲಿದೆಯೇ, ಬುಡದಲ್ಲಿ ಅಣಬೆ ಎದ್ದಿದೆಯೇ ಎಂದು ನೋಡಿ. ಇವುಗಳಲ್ಲಿ ಒಂದು ಕಂಡರೂ ಆ ಮರದ ಕೆಳಗೆ ವಾಹನ ನಿಲ್ಲಿಸದೆ ಕೂಡಲೇ ಅಧಿಕಾರಿಗಳಿಗೆ ತಿಳಿಸಬೇಕು. ಮೊದಲಿನಿಂದಲೂ ಓರೆಯಾಗಿದ್ದು ಮೇಲ್ಭಾಗ ಮತ್ತೆ ನೆಟ್ಟಗೆ ತಿರುಗಿ ಬೆಳೆದಿರುವ ಮರ ತನ್ನ ಓರೆಗೆ ಹೊಂದಿಕೊಂಡಿರುತ್ತದೆ. ಅದು ಭಯ ಹುಟ್ಟಿಸಿದರೂ ಸಾಮಾನ್ಯವಾಗಿ ಬೀಳುವ ಮರವಲ್ಲ. ಮಳೆಮರಕ್ಕೆ ಈ ಯಾವ ಲಕ್ಷಣವೂ ಇಲ್ಲದಿದ್ದರೆ, ಒಣಗಿದ ಕೊಂಬೆಗಳನ್ನು ತೆಗೆಸಿ, ಬೇರಿಗೆ ಗಾಳಿಯಾಡುವಂತೆ ಬುಡದ ಸುತ್ತಲಿನ ಕಾಂಕ್ರೀಟ್ ಒಡೆಸಿ. ನೆತ್ತಿಯನ್ನು ಬೋಳಿಸಲು ಮಾತ್ರ ಬಿಡಬೇಡಿ. ಬೋಳಿಸಿದ ಜಾಗದಿಂದ ಮರುವರ್ಷ ಪುಟಿಯುವ ಚಿಗುರುಕೊಂಬೆಗಳ ಬುಡ ಮೇಲ್ಮೈಗಷ್ಟೇ ಅಂಟಿಕೊಂಡಿರುತ್ತದೆ. ಮುಂದಿನ ಬಿರುಗಾಳಿಗೆ ಮೊದಲು ಮುರಿದು ಬೀಳುವವು ಅವೇ.

ಬೇರಿಗೆ ಗಾಳಿ ಬೇಕೆಂದರೆ ನಗುವವರಿಗೆ ಲಂಡನ್ನಿನ ಕ್ಯೂ ಉದ್ಯಾನದ ಒಂದು ಪ್ರಸಂಗ ಹೇಳುತ್ತೇನೆ. 1987ರ ಅಕ್ಟೋಬರ್ 16ರ ಮುಂಜಾನೆ ದಕ್ಷಿಣ ಇಂಗ್ಲೆಂಡನ್ನು ಅಪ್ಪಳಿಸಿದ ಬಿರುಗಾಳಿ, ಸೊರಗುತ್ತಿದ್ದ ಟರ್ನರ್ಸ್ ಓಕ್ ಎಂಬ ಹಳೆಯ ಮರವನ್ನು ಬೇರುಸಮೇತ ಮೇಲೆತ್ತಿ ಮತ್ತೆ ಅದೇ ಗುಂಡಿಗೆ ಕೂರಿಸಿತು. ಸಿಬ್ಬಂದಿ ಅದಕ್ಕೆ ಆಸರೆ ಕೊಟ್ಟು ಬಿಟ್ಟರು. ಕೆಲವು ವರ್ಷಗಳಲ್ಲಿ ಮರ ಹಿಂದಿಗಿಂತ ಹುಲುಸಾಯಿತು. ನೋಡಲು ಬಂದವರ ತುಳಿತಕ್ಕೆ ಗಟ್ಟಿಯಾಗಿದ್ದ ಮಣ್ಣು ಸಡಿಲವಾದದ್ದೇ ಕಾರಣವೆಂದು ಅರಿತು, ಅಲ್ಲಿನವರು ಬೇರೆ ಮರಗಳ ಬುಡದ ಮಣ್ಣನ್ನೂ ಸಡಿಲಗೊಳಿಸತೊಡಗಿದರು.

ಉತ್ತರ 3
ಬರೆದವರು: ನಾಲ್ಕನೇ ಮುಖ್ಯರಸ್ತೆ

ಮೇಲಿನ ಉತ್ತರ ತಿಳಿವಳಿಕೆಯಿಂದ ಕೂಡಿದೆ, ಒಪ್ಪುತ್ತೇನೆ. ಆದರೆ ಹಿಂದಿನ ವರ್ಷ ಅಪಾಯದ ಯಾವ ಲಕ್ಷಣವೂ ಕಾಣದಿದ್ದ ಮರವೊಂದು ನನ್ನ ತಂದೆಯವರು ಮಲಗುವ ಕೋಣೆಯ ಕಿಟಕಿಯ ಮೇಲೆ ಬಿತ್ತು. ಅವರು ಆ ಹೊತ್ತಿಗೆ ಅಡುಗೆಮನೆಯಲ್ಲಿದ್ದರು ಎಂಬುದಷ್ಟೇ ನಮ್ಮ ಅದೃಷ್ಟ. ನೆರಳಿನ ಸುಖ ಎಲ್ಲರಿಗೂ, ಅಪಾಯ ಮಾತ್ರ ಮರದ ಎದುರಿನ ಮನೆಯವರಿಗೆ ಎಂಬ ಲೆಕ್ಕ ಸರಿಯಲ್ಲ. ಸಹಿ ಸಂಗ್ರಹಿಸುತ್ತಿರುವವರನ್ನು ಮರದ ವೈರಿಗಳೆಂದು ಕರೆಯುವ ಮೊದಲು, ಆ ಮರಗಳನ್ನು ಪರೀಕ್ಷಿಸುವವರು ಯಾರು, ಎಷ್ಟು ಸಲ ಎಂಬುದಕ್ಕೆ ಉತ್ತರ ಕೊಡಿ. ನಮ್ಮ ರಸ್ತೆಯಲ್ಲಿ ದೂರು ಕೊಟ್ಟು ಮಳೆಗಾಲವೊಂದು ಕಳೆದರೂ ಒಬ್ಬರೂ ಬಂದು ನೋಡಿರಲಿಲ್ಲ.

ವಿಮೆಯ ಬಗ್ಗೆ ಯಾರೂ ಹೇಳಿಲ್ಲವಾದ್ದರಿಂದ ಸೇರಿಸುತ್ತೇನೆ. ಕಾರಿನ ಮೇಲೆ ಮರ ಬಿದ್ದವರಿಗೆ ಸಮಗ್ರ ವಿಮೆ ಇದ್ದರೆ ಬಿರುಗಾಳಿಯ ಹಾನಿ ಅದರಲ್ಲಿ ಸೇರುತ್ತದೆ. ಮೂರನೇ ವ್ಯಕ್ತಿಯ ಹೊಣೆಯ ವಿಮೆ ಮಾತ್ರವಿದ್ದರೆ ಒಂದು ರೂಪಾಯಿಯೂ ಸಿಗುವುದಿಲ್ಲ. ವಾಹನವನ್ನು ಸರಿಸುವ ಮೊದಲೇ ನೋಂದಣಿ ಫಲಕ ಕಾಣುವಂತೆ ಎಲ್ಲ ಕಡೆಯಿಂದ ಫೋಟೊ ತೆಗೆದು, ವಿಮಾ ಕಂಪನಿಗೆ ತಿಳಿಸಿ, ಹಾನಿಯನ್ನು ಅಂದಾಜಿಸುವ ಸರ್ವೇಯರ್ ಬರುವವರೆಗೆ ದುರಸ್ತಿ ಆರಂಭಿಸದಿರುವುದು ಕ್ಷೇಮ. ಮನೆಗೂ ವಿಮೆಯುಂಟು: 2021ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ 'ಭಾರತ್ ಗೃಹ ರಕ್ಷಾ' ಎಂಬ ಏಕರೂಪದ ಪಾಲಿಸಿಯಲ್ಲಿ ಬಿರುಗಾಳಿ, ಚಂಡಮಾರುತಗಳ ಹಾನಿ ಸೇರಿದೆ. ಕಾಂಪೌಂಡ್ ಗೋಡೆ ಸೇರಿದೆಯೇ ಎಂಬುದನ್ನು ನಿಮ್ಮ ಪಾಲಿಸಿಯ ಪ್ರತಿಯಲ್ಲೇ ಓದಿಕೊಳ್ಳಿ.

ಉತ್ತರ 4
ಬರೆದವರು: ಅಯೋವಾ ಕನ್ನಡಿಗ

ನಾನಿರುವುದು ಅಮೆರಿಕದ ಅಯೋವಾ ರಾಜ್ಯದ ಸೀಡರ್ ರ‍್ಯಾಪಿಡ್ಸ್‌ನಲ್ಲಿ; ಎಂಜಿನಿಯರಿಂಗ್ ಕೆಲಸಕ್ಕೆಂದು ಬಂದ ಕನ್ನಡಿಗರು ಇಲ್ಲಿ ಸಾಕಷ್ಟಿದ್ದೇವೆ. 2020ರ ಆಗಸ್ಟ್ 10ರ ಮಧ್ಯಾಹ್ನ ನಮ್ಮ ಮೇಲೆ ಹಾದುಹೋದದ್ದನ್ನು ಇಲ್ಲಿ ಡೆರೆಚೊ ಎನ್ನುತ್ತಾರೆ: ಗುಡುಗುಮೋಡಗಳ ಉದ್ದನೆಯ ಸಾಲೊಂದು ನೂರಾರು ಮೈಲಿ ಸಾಗುತ್ತ, ತನ್ನ ಮುಂದೆ ನೇರವಾಗಿ ಎಬ್ಬಿಸುವ ಗಾಳಿ. ನಗರದ ಕೆಲವೆಡೆ ಅದರ ವೇಗ ಗಂಟೆಗೆ ಸುಮಾರು 225 ಕಿ.ಮೀ. ಇತ್ತೆಂದು ಹಾನಿಯನ್ನು ನೋಡಿ ಅಂದಾಜಿಸಿದರು. ಮುಕ್ಕಾಲು ಗಂಟೆಯ ಹೊಡೆತಕ್ಕೆ ಊರಿನ ಮರಗಳ ಹರವಿನಲ್ಲಿ ಅರ್ಧಕ್ಕಿಂತ ಹೆಚ್ಚು ಹೋಯಿತು. ಕೆಲವು ಮನೆಗಳಿಗೆ ಎರಡು ವಾರದವರೆಗೆ ಕರೆಂಟ್ ಬರಲಿಲ್ಲ, ಮೊಬೈಲ್ ಸಂಪರ್ಕವೂ ಕೆಟ್ಟಿತ್ತು, ಮೇಲಿಂದ ಕೋವಿಡ್ ಕಾಲ.

ತೆರವಿನ ಕೆಲಸದಲ್ಲಿ ನಾವು ಕಲಿತ ಮೊದಲ ಪಾಠ ರಾಶಿಗಳನ್ನು ಬೆರೆಸಬಾರದೆಂಬುದು. ಮರದ ಕೊಂಬೆಗಳನ್ನು ಒಂದು ಕಡೆ, ಚಾವಣಿಯ ತುಂಡು, ಬೇಲಿ, ಗಾಜುಗಳನ್ನು ಇನ್ನೊಂದು ಕಡೆ ರಸ್ತೆಯಂಚಿನಲ್ಲಿ ಇಡುವಂತೆ ನಗರಾಡಳಿತ ಹೇಳಿತು. ಶುದ್ಧವಾದ ಕೊಂಬೆಯ ರಾಶಿ ಯಂತ್ರಕ್ಕೆ ಹೋಗಿ, ಗಿಡದ ಬುಡಕ್ಕೆ ಹರಡುವ ಹೊದಿಕೆಪುಡಿಯಾಗಿ ಹಿಂದಿರುಗುತ್ತದೆ. ಅದರೊಳಗೆ ಒಂದು ಮೊಳೆ ಸಿಕ್ಕಿದರೂ ಇಡೀ ರಾಶಿ ಕಸದ ಗುಂಡಿಗೆ ಹೋಗುತ್ತದೆ. ಬಾಗಿ ಸಿಕ್ಕಿಕೊಂಡಿರುವ ಕೊಂಬೆಗಳ ಬಗ್ಗೆಯೂ ಎಚ್ಚರಿಕೆ ಬೇಕು. ಇನ್ನೊಂದು ದಿಮ್ಮಿಯ ಅಡಿ ಬಿಲ್ಲಿನಂತೆ ಬಾಗಿರುವ ರೆಂಬೆಯನ್ನು ಯಂತ್ರದಿಂದ ಕತ್ತರಿಸಿದ ಕ್ಷಣ ಅದು ಚಿಮ್ಮಿ ಮುಖಕ್ಕೆ ಹೊಡೆಯುತ್ತದೆ. ತರಬೇತಿ ಇಲ್ಲದವರು ಕೈಗರಗಸಕ್ಕೆ ನಿಲುಕುವ ಸಣ್ಣ ರೆಂಬೆಗಳಿಗೆ ಮಾತ್ರ ಕೈ ಹಾಕಲಿ.

ಸಹಿ ಸಂಗ್ರಹದ ವಿಷಯದಲ್ಲಿ ನನ್ನ ಅನುಭವ ಇಷ್ಟು. ಬಿರುಗಾಳಿಯ ಮರುವಾರವೇ ಬಾಗಿಲು ಬಡಿದು 'ಈ ಮರವೂ ಬೀಳುತ್ತದೆ' ಎಂದು ಹೆದರಿಸಿ ಮುಂಗಡ ಕೇಳುವ ಮರ ಕಡಿಯುವವರು ಊರ ತುಂಬ ತಿರುಗಾಡಿದರು. ಆ ಹೆದರಿಕೆಯಲ್ಲಿ ಕಡಿಸಿದ ಕೆಲವು ಮರಗಳ ಕಾಂಡ ಒಳಗೆ ಗಟ್ಟಿಮುಟ್ಟಾಗಿಯೇ ಇತ್ತು. ಮರುವರ್ಷದ ಬೇಸಿಗೆಯಲ್ಲಿ ನೆರಳಿಲ್ಲದ ಮನೆಗಳಲ್ಲಿ ಎ.ಸಿ. ಖರ್ಚು ಏರಿದಾಗ ಅದರ ಬೆಲೆ ತಿಳಿಯಿತು. ನಗರವು ಸ್ಥಳೀಯ ಸಂಸ್ಥೆಯೊಂದರ ಜೊತೆಗೂಡಿ 'ರೀಲೀಫ್' ಎಂಬ ಮರುನೆಡುವ ಯೋಜನೆಯನ್ನು ರೂಪಿಸಿದೆ. ಅದಕ್ಕಾಗಿ ವರ್ಷಗಟ್ಟಲೆ ದುಡ್ಡು ಮೀಸಲಿಡಬೇಕಾಗಿದೆ.

ಒಂದು ಸಂಗತಿ ನನ್ನನ್ನು ಇಂದಿಗೂ ಕಾಡುತ್ತದೆ. ಹಾನಿಗೊಂಡ ಅಪಾರ್ಟ್‌ಮೆಂಟುಗಳ ಹೊರಗೆ ಆಫ್ರಿಕಾದಿಂದಲೂ ಮೈಕ್ರೊನೇಷ್ಯಾದಿಂದಲೂ ಬಂದು ನೆಲೆಸಿದ್ದ ಕುಟುಂಬಗಳು ಡೇರೆ ಹಾಕಿಕೊಂಡು ದಿನಗಟ್ಟಲೆ ಇದ್ದವು. ನಾವು ನಮ್ಮ ಬೀದಿಯ ಕೊಂಬೆಗಳನ್ನು ಎಳೆಯುತ್ತಿದ್ದಾಗ ಕೆಲವೇ ಮೈಲಿ ದೂರದ ಆ ಸ್ಥಿತಿ ನಮಗೆ ತಡವಾಗಿ ತಿಳಿಯಿತು. ನಿಮ್ಮ ರಸ್ತೆಯ ಕೊನೆಯ ಶೀಟ್ ಮನೆಗಳ ಬಗ್ಗೆ ನಿಮ್ಮ ಪ್ರಶ್ನೆಯಲ್ಲಿ ಒಂದೇ ವಾಕ್ಯವಿದೆ. ಅಲ್ಲಿರುವವರ ಸ್ಥಿತಿ ಈಗ ಹೇಗಿದೆ?

ಉತ್ತರ 5
ಬರೆದವರು: ಬಡಾವಣೆ ಸಂಘದ ಮಾಜಿ ಕಾರ್ಯದರ್ಶಿ

ಮೇಲಿನ ಸಹೋದರರ ಕೊನೆಯ ಮಾತನ್ನೇ ಮುಂದುವರಿಸುತ್ತೇನೆ. ಭಾನುವಾರದ ಕೆಲಸ ಆ ಮನೆಗಳಿಂದ ಆರಂಭವಾಗಲಿ. ದಿಮ್ಮಿ ಇನ್ನೊಂದು ವಾರ ಬಿದ್ದಿದ್ದರೆ ಯಾರಿಗೂ ನಷ್ಟವಿಲ್ಲ, ಚಾವಣಿಯಿಲ್ಲದ ಮನೆಯಲ್ಲಿ ಮಲಗುವ ಮಗು ಇನ್ನೊಂದು ಮಳೆಯನ್ನು ತಡೆಯಲಾರದು. ಟಾರ್ಪಾಲನ್ನು ಕೊಟ್ಟು ಬಂದರೆ ಸಾಲದು, ಕಟ್ಟಿಕೊಡಬೇಕು. ಅದರ ಮಡಿಕೆಯಲ್ಲಿ ನೀರು ನಿಲ್ಲದಂತೆ ಇಳಿಜಾರು ಇರಲಿ; ನಿಂತ ನೀರಿನಲ್ಲಿ ಡೆಂಗಿ ಸೊಳ್ಳೆ ಮೊಟ್ಟೆಯಿಂದ ಹಾರುವ ಹಂತಕ್ಕೆ ಬರಲು ವಾರ ಹತ್ತು ದಿನ ಸಾಕು.

ಒಡೆದ ಹಳೆಯ ಸಿಮೆಂಟ್ ಶೀಟುಗಳಲ್ಲಿ ಕಲ್ನಾರು, ಎಂದರೆ ಆಸ್ಬೆಸ್ಟಾಸ್, ಇರುವುದು ಸಾಮಾನ್ಯ. ಅದರ ಎಳೆಗಳು ಉಸಿರಿನೊಂದಿಗೆ ಒಳಹೋದರೆ ಶ್ವಾಸಕೋಶದ ಗಂಭೀರ ಕಾಯಿಲೆಗೆ ಕಾರಣವಾಗುತ್ತವೆ, ಕಾಯಿಲೆ ಕಾಣಿಸಿಕೊಳ್ಳುವುದು ದಶಕಗಳ ಮೇಲೆ. ತುಂಡುಗಳಿಗೆ ಮೊದಲು ನೀರು ಚಿಮುಕಿಸಿ, ಮತ್ತಷ್ಟು ಒಡೆಯದೆ ಇಡಿಯಾಗಿ ಎತ್ತಿ ದಪ್ಪ ಪ್ಲಾಸ್ಟಿಕ್‌ನಲ್ಲಿ ಸುತ್ತಿಡಿ. ಒಣ ಪೊರಕೆಯಿಂದ ಗುಡಿಸಬೇಡಿ, ಪಿ100 ಅಥವಾ ಎಫ್‌ಎಫ್‌ಪಿ3 ದರ್ಜೆಯ ಮುಖಗವಸು ಧರಿಸಿ. ಹೊಸ ಶೀಟು ಹಾಕುವಾಗ ಮೇಲೆ ಕಲ್ಲು, ಇಟ್ಟಿಗೆ ಹೇರುವುದನ್ನು ಬಿಟ್ಟು ಕೊಕ್ಕೆಯಂತೆ ಬಾಗಿದ ಜೆ ಬೋಲ್ಟಿನಿಂದ ಅಡ್ಡಪಟ್ಟಿಗೆ ಬಿಗಿಯಿರಿ. ಗಾಳಿ ಚಾವಣಿಯನ್ನು ಮೇಲಕ್ಕೆ ಹೀರುವುದು ಅಂಚು ಮತ್ತು ಮೂಲೆಗಳಲ್ಲೇ ಹೆಚ್ಚಾದ್ದರಿಂದ ಬೋಲ್ಟುಗಳು ಅಲ್ಲಿ ಒತ್ತಾಗಿರಲಿ. ಹಾರಿಬಂದ ಇಟ್ಟಿಗೆಯಿಂದ ಪಕ್ಕದ ಮನೆಯವರಿಗೆ ಪೆಟ್ಟಾದದ್ದನ್ನು ನಾನು ಕಂಡಿದ್ದೇನೆ.

ಹಾಗೆಯೇ ಮುಖ್ಯರಸ್ತೆಯ ಜಾಹೀರಾತು ಫಲಕದ ಕಂಬಗಳು ಅಲುಗಿವೆಯೇ ಎಂದು ನೋಡಿ ದೂರು ಕೊಡಿ. 2024ರ ಮೇ 13ರಂದು ಮುಂಬಯಿಯ ಘಾಟ್ಕೋಪರ್‌ನಲ್ಲಿ ಧೂಳಿನ ಬಿರುಗಾಳಿಗೆ ಪೆಟ್ರೋಲ್ ಬಂಕಿನ ಮೇಲೆ ಉರುಳಿ 17 ಜನರನ್ನು ಬಲಿ ತೆಗೆದುಕೊಂಡದ್ದು ಅಂಥದೇ ದೈತ್ಯ ಫಲಕ. ಮರವನ್ನು ಕಂಡು ಹೆದರುವ ನಾವು ಫಲಕವನ್ನು ಕಂಡು ಹೆದರದಿರುವುದು ವಿಚಿತ್ರ.

ಎಲೆಯ ರಾಶಿಗೆ ಬೆಂಕಿ ಹಚ್ಚುವುದು ನಿಷಿದ್ಧ; ಉದ್ಯಾನದ ಮೂಲೆಯಲ್ಲಿ ಜಾಲರಿಯ ಗೂಡು ಮಾಡಿ ತುಂಬಿಸಿ ಆಗಾಗ ನೀರು ಚಿಮುಕಿಸಿದರೆ ಕೆಲವು ತಿಂಗಳಲ್ಲಿ ಗೊಬ್ಬರವಾಗುತ್ತದೆ. ನಿಮ್ಮ ಬೀದಿಯ ಪೌರಕಾರ್ಮಿಕರು ಈ ವಾರ ಎರಡು ಪಟ್ಟು ಕೆಲಸ ಮಾಡಿರುತ್ತಾರೆ. ಅವರಿಗೆ ಗಟ್ಟಿ ಕೈಗವಸನ್ನೂ ಕುಡಿಯುವ ನೀರನ್ನೂ ಸಂಘದ ಹಣದಿಂದ ಒದಗಿಸಿ.

ಅಡ್ಡರಸ್ತೆ ನಿವಾಸಿಯ ಪ್ರತಿಕ್ರಿಯೆ

ಎಲ್ಲರಿಗೂ ವಂದನೆಗಳು. ಹೊಂಗೆಯನ್ನು ನಿನ್ನೆಯೇ ನಿಲ್ಲಿಸಿದೆವು. ಶೀಟ್ ಮನೆಗಳ ಕುಟುಂಬಗಳು ಸದ್ಯ ಪಕ್ಕದ ಸಮುದಾಯ ಭವನದಲ್ಲಿವೆ. ಭಾನುವಾರದ ಮೊದಲ ಕೆಲಸ ಅವರ ಚಾವಣಿಯದೇ ಎಂದು ತೀರ್ಮಾನವಾಗಿದೆ. ಸಹಿ ಸಂಗ್ರಹಿಸುತ್ತಿದ್ದವರ ಜೊತೆ ಕುಳಿತು ಮಾತನಾಡಿದೆವು. ಎಲ್ಲ ಮರಗಳನ್ನು ತೆಗೆಯಿರಿ ಎಂಬ ಮನವಿಯ ಬದಲು, ಪ್ರತಿ ಮರವನ್ನೂ ಪರೀಕ್ಷಿಸಿ ಲಿಖಿತ ವರದಿ ಕೊಡಿ ಎಂಬ ಮನವಿಗೆ ಅವರಲ್ಲಿ ಹೆಚ್ಚಿನವರು ಒಪ್ಪಿದ್ದಾರೆ, ಎಲ್ಲರೂ ಅಲ್ಲ. ಉಳಿದಿರುವುದು ಎರಡು ಸಂದೇಹ: ದಿಮ್ಮಿಗಳನ್ನು ನಾವೇ ಕೊಯ್ಸಿ ಬೆಂಚು ಮಾಡಿಸಿಕೊಳ್ಳಬಹುದೇ, ಗುಲ್ಮೊಹರ್ ಹೋದ ಜಾಗದಲ್ಲಿ ಏನನ್ನು ನೆಡಬೇಕು?

ಹೊಂಗೆನೆರಳು ಅವರ ಮರುಉತ್ತರ

ದಿಮ್ಮಿ ನಿಮ್ಮದಲ್ಲ. ರಸ್ತೆಬದಿಯ ಮರ ಸಾರ್ವಜನಿಕ ಆಸ್ತಿ. ಬೆಂಚಿಗಾಗಿ ಬೇಕೆಂದರೆ ಪಾಲಿಕೆಗೆ ಬರೆದು ಕೇಳಿ, ಒಪ್ಪಿಗೆ ಬರುವವರೆಗೆ ಮುಟ್ಟಬೇಡಿ. 1976ರ ಕರ್ನಾಟಕ ಮರಗಳ ಸಂರಕ್ಷಣಾ ಕಾಯ್ದೆಯಲ್ಲಿ ಮರ ಕಡಿಯುವುದೆಂದರೆ ಕೊಂಬೆ ಸವರುವುದೂ ಸೇರಿದೆ. ಗಾಳಿಗೆ ಬಿದ್ದ ಮರಕ್ಕೂ, ಜೀವಕ್ಕೋ ಆಸ್ತಿಗೋ ಅಪಾಯ ತರುವ ಮರಕ್ಕೂ ವೃಕ್ಷಾಧಿಕಾರಿ ಅನುಮತಿ ನಿರಾಕರಿಸುವಂತಿಲ್ಲವೆಂದು ಅದೇ ಕಾಯ್ದೆ ಹೇಳುತ್ತದೆ. ಮರಗಳನ್ನು ಪರೀಕ್ಷಿಸುವವರು ಯಾರೆಂಬ ನಾಲ್ಕನೇ ಮುಖ್ಯರಸ್ತೆಯವರ ಪ್ರಶ್ನೆಗೆ ನನ್ನಲ್ಲಿ ಪೂರ್ಣ ಉತ್ತರವಿಲ್ಲ. ಲಿಖಿತ ಮನವಿಗೆ ಸ್ವೀಕೃತಿ ಪಡೆದು, ಪ್ರತಿ ವರ್ಷ ಮಾರ್ಚ್ ತಿಂಗಳಲ್ಲಿ, ಎಂದರೆ ಮುಂಗಾರುಪೂರ್ವ ಗಾಳಿಗಿಂತ ಮೊದಲು, ಅದನ್ನು ಪುನಃ ಸಲ್ಲಿಸುವುದೊಂದೇ ನನಗೆ ಕಾಣುವ ದಾರಿ.

ನೆಡುವಾಗ ಸಾಲಾಗಿ ಒಂದೇ ಜಾತಿಯನ್ನು ನೆಡಬೇಡಿ. ಬೇಗ ಬೆಳೆದು ಬೇಗ ಹೂ ಬಿಡುವ ಮರಗಳ ಒಲವು ನಮ್ಮ ಊರಿಗೆ ಹಳೆಯದು. ಎಂಬತ್ತರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರ ನೇತೃತ್ವದಲ್ಲಿ ಬೆಂಗಳೂರಿನಲ್ಲಿ ಸುಮಾರು 15 ಲಕ್ಷ ಸಸಿಗಳನ್ನು ನೆಟ್ಟಾಗ ಬಡಾವಣೆಗಳಿಗೆ ನೆರಳು ಬಂದದ್ದು ಆ ಶ್ರಮದಿಂದ. ಆ ಪೀಳಿಗೆಯ ಹಲವು ಮರಗಳಿಗೆ ಈಗ ವಯಸ್ಸಾಗುತ್ತಿದೆ. ನಿಮ್ಮ ರಸ್ತೆ ಕಿರಿದಾಗಿದ್ದು ತಂತಿಗಳಿರುವ ಬದಿಯಾದರೆ ಹೊಂಗೆ, ಹೊಳೆದಾಸವಾಳ ಸಾಕು. ತಂತಿಯಿಲ್ಲದ ಬದಿಯಲ್ಲಿ ಬೇವು, ನೇರಳೆ ಬೆಳೆಯಲಿ. ನೇರಳೆಯ ಹಣ್ಣು ವಾಹನಗಳ ಮೇಲೆ ಬಿದ್ದು ಕಲೆಯಾಗುತ್ತದೆಂದು ಜಗಳ ಬರುವುದುಂಟು, ಎದುರು ಮನೆಯವರನ್ನು ಮೊದಲೇ ಕೇಳಿಕೊಳ್ಳಿ. ಗುಂಡಿಯ ಸುತ್ತ ಕನಿಷ್ಠ ನಾಲ್ಕಡಿ ಉದ್ದಗಲದ ತೆರೆದ ಮಣ್ಣನ್ನು ಬಿಡಿಸುವ ಒಪ್ಪಿಗೆ ಸಿಗದಿದ್ದರೆ ಆ ಜಾಗದಲ್ಲಿ ನೆಡುವುದನ್ನೇ ಕೈಬಿಡಿ. ರೋಹಿಣಿ ಮಳೆ ಮುಗಿದು ಮುಂಗಾರು ನೆಲೆಗೊಂಡ ಮೇಲೆ, ಜೂನ್ ಮಧ್ಯದ ಹೊತ್ತಿಗೆ, ಆಳೆತ್ತರದ ಸಸಿಗಳನ್ನು ತನ್ನಿ. ಅಷ್ಟರೊಳಗೆ ಹಳೆಯ ಬೊಡ್ಡೆಗಳನ್ನು ಕೀಳಿಸುವ ಕೆಲಸವನ್ನು ಪಾಲಿಕೆಯವರಿಂದ ಮಾಡಿಸಿಕೊಳ್ಳಿ, ಬೊಡ್ಡೆಯ ಕೆಳಗೆ ನೀರಿನ ಪೈಪು ಹಾದುಹೋಗಿದೆಯೇ ಎಂದು ಜಲಮಂಡಳಿಯವರನ್ನು ಕೇಳಿದ ನಂತರ.